ಪುಣೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ತೂಕ ಇಳಿಸುವುದು: ಇಲ್ಲಿಯವರೆಗಿನ ಲೆಕ್ಕ

ನಾನು ದುಡ್ಡು ಕಟ್ಟಿ ಸೇರಿರುವ ಆನ್‌ಲೈನ್ ಪ್ರೋಗ್ರಾಂನಲ್ಲಿ ಎರಡು ಭಾಗ: ತಿಂದದ್ದರ ಕ್ಯಾಲೊರಿ ಲೆಕ್ಕ ಬರೆಯುವ ಆಪ್, ವಾರಕ್ಕೊಮ್ಮೆ ಫೋನಲ್ಲಿ ಮಾತಾಡುವ ಕೋಚ್. ಮೊದಲು ಈ ತಿಂಗಳ ಅಳತೆ. ಹೊಟ್ಟೆಯ ಸುತ್ತಳತೆ 91 ಸೆಂ.ಮೀ. ಇದ್ದದ್ದು 87ಕ್ಕೆ ಇಳಿದಿದೆ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಹೊಟ್ಟೆ ಬೊಜ್ಜು ಅಂತ ಲೆಕ್ಕ, ಹಾಗಾಗಿ ಇನ್ನೂ ಇಳಿಸಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, ಅದೂ ಹಾಗೇ. ಹೊರದೇಶದ ಚಾರ್ಟ್‌ನಲ್ಲಿ 25ರವರೆಗೆ ಸರಿ, ನಮಗೆ 23ಕ್ಕೇ ಗೆರೆ. ದುಡ್ಡು ಕಟ್ಟುವ ಮೊದಲು ಪ್ರೋಗ್ರಾಂನವರು ಯಾವ ಗೆರೆ ಹಿಡಿದಿದ್ದಾರೆ ಅಂತ ನೋಡಿ. ನಮ್ಮ ಜನರನ್ನು ನೆನಪಲ್ಲಿಟ್ಟು ಮಾಡಿದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಆಪ್ ಎಡವುವುದು ರೊಟ್ಟಿಯಲ್ಲಿ. ನಾವು ವಿಜಯಪುರದ ಕಡೆಯವರು, ಪುಣೆಯಲ್ಲಿ ಜೋಳದ ಹಿಟ್ಟಿಗೇನೂ ಬರವಿಲ್ಲ, ರಾತ್ರಿ ಊಟಕ್ಕೆ ರೊಟ್ಟಿಯೇ. ಆಪ್‌ನಲ್ಲಿ ಜ್ವಾರಿ ಭಾಕ್ರಿ ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಕ್ಯಾಲೊರಿ. ಅದಕ್ಕೇ ಅಡುಗೆಮನೆಗೆ ಸಣ್ಣ ತೂಕದ ಯಂತ್ರ ತಂದು ಹಿಟ್ಟನ್ನೇ ತೂಗಿದೆ. ನಾನು ಬಡಿಯುವ ತೆಳು ರೊಟ್ಟಿಗೆ 45 ಗ್ರಾಂ ಹಿಟ್ಟು. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು, "ನಂದೂ ಒಂದು ತೂಗಿ ನೋಡವಾ" ಅಂದರು. ಅವರದ್ದು 70 ಗ್ರಾಂ! ನೂರು ಗ್ರಾಂ ಜೋಳದ ಹಿಟ್ಟಿಗೆ ಸುಮಾರು 335 ಕ್ಯಾಲೊರಿ ಅಂದುಕೊಂಡರೆ ನನ್ನದಕ್ಕೆ 150, ಅವರದಕ್ಕೆ 235ರ ಹತ್ತಿರ, ಆದರೆ ಆಪ್‌ಗೆ ಎರಡೂ 'ಒಂದು ರೊಟ್ಟಿ'. ಇನ್ನು ಶೇಂಗಾ ಚಟ್ನಿ ಮೇಲೆ ಹಾಕಿಕೊಳ್ಳುವ ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ, ಅದನ್ನು ಯಾರೂ ಬರೆಯುವುದೇ ಇಲ್ಲ.

ಕೋಚ್ ವಿಷಯ ಬೇರೆ. ಕೊಟ್ಟ ದುಡ್ಡಿಗೆ ನಿಜವಾಗಿ ಸಿಕ್ಕಿದ್ದು ಇದೇ. ಕೋಥ್ರೂಡ್‌ನಿಂದ ಹಿಂಜೇವಾಡಿಗೆ ದಿನಾ ಕೆಲಸಕ್ಕೆ ಹೋಗಿ ಬರುವವರಿಗೆ ಸಂಜೆ ಡಯೆಟಿಷಿಯನ್ ಕ್ಲಿನಿಕ್‌ಗೆ ಹೋಗೋಕೆ ಟೈಮ್ ಎಲ್ಲಿ ಸಿಗುತ್ತೆ ಹೇಳಿ, ಫೋನಲ್ಲೇ ಮಾತಾಡುವುದರಿಂದ ಎಷ್ಟೋ ಅನುಕೂಲ. ವಾರಕ್ಕೊಮ್ಮೆ ಒಬ್ಬರು ಕೇಳುತ್ತಾರೆ ಅನ್ನುವುದೇ ನನ್ನನ್ನು ದಾರಿಗೆ ತರುತ್ತದೆ. ತಟ್ಟೆಯ ಫೋಟೋ ನೋಡಿದವರೇ ಅವರು, "ಮೇಡಂ, ಇದರಲ್ಲಿ ಪ್ರೋಟೀನ್ ಎಲ್ಲಿದೆ?" ಅಂದರು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು, 70 ಕಿಲೋ ಇದ್ದವರಿಗೆ ಸುಮಾರು 58 ಗ್ರಾಂ. ಈಗ ರಾತ್ರಿ ಒಂದು ರೊಟ್ಟಿ ಕಡಿಮೆ, ಅದರ ಜಾಗಕ್ಕೆ ಮೊಳಕೆ ಮಡಿಕೆ ಕಾಳಿನ ಉಸಳಿ, ಒಂದು ಬಟ್ಟಲು ಮೊಸರು. ಮಧ್ಯರಾತ್ರಿ ಹಸಿವು ನಿಂತುಹೋಯಿತು.

"ತಿಂಗಳಲ್ಲಿ 10 ಕಿಲೋ" ಅನ್ನುವವರಿಂದ ದೂರ ಇರಿ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ತಿಂಗಳಿಗೆ ಹತ್ತು ಕಿಲೋ ಕರಗಬೇಕಾದರೆ ದಿನಾ 2,500ಕ್ಕೂ ಜಾಸ್ತಿ ಕಡಿಮೆ ಮಾಡಬೇಕು, ನಮ್ಮಲ್ಲಿ ಎಷ್ಟೋ ಹೆಂಗಸರು ದಿನವಿಡೀ ತಿನ್ನುವುದೇ ಅಷ್ಟಿಲ್ಲ. ದಿನಕ್ಕೆ 500 ಕಡಿಮೆ ಮಾಡಿದರೆ ವಾರಕ್ಕೆ ಸುಮಾರು ಅರ್ಧ ಕಿಲೋ, ಅದು ಆಗುವ ಮಾತು. ಮೊದಲ ವಾರ ಸರಸರ ಇಳಿಯುವುದು ಬಹುಪಾಲು ನೀರು. ತೀರಾ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಅಕ್ಕನ ವಿಷಯದಲ್ಲಿ. ಅವಳಿಗೆ ಶುಗರ್ ಇದೆ, ಮಾತ್ರೆ ತಗೋತಾಳೆ. ಅವಳು ಸೇರಿದ ಬೇರೊಂದು ಪ್ರೋಗ್ರಾಂನವರು ಅದನ್ನು ಕೇಳದೆಯೇ ಊಟ ಅರ್ಧ ಮಾಡಿಸಿದರು. ಕೆಲವು ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಏಕಾಏಕಿ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ತೀರಾ ಕೆಳಗೆ ಬೀಳಬಹುದು. ಬೆವರು, ಕೈನಡುಕ, ತಲೆಸುತ್ತು ಅದರ ಲಕ್ಷಣ. ಮೊದಲು ಡಾಕ್ಟರ್ ಹತ್ತಿರ ಹೋಗಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಲೇಬೇಕು. ಕಾಯಿಲೆ, ಔಷಧಿ, ಬಸಿರು, ಬಾಣಂತನ ಯಾವುದನ್ನೂ ವಿಚಾರಿಸದೆ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ದುಡ್ಡಿನ ಬಗ್ಗೆ ಒಂದೇ ಮಾತು. ಆಟೋಪೇ ಇಟ್ಟಿದ್ದರೆ ಹಣ ಕಡಿತವಾಗುವ 24 ಗಂಟೆ ಮೊದಲು ಮೆಸೇಜ್ ಬರುತ್ತದೆ, ಬೇಡವಾದರೆ ಯುಪಿಐ ಆಪ್‌ನಲ್ಲೇ ರದ್ದು ಮಾಡಬಹುದು.

ಮುಂದಿನ ತಿಂಗಳಿಂದ ಆಪ್‌ನ ಪ್ರೀಮಿಯಂ ಬಿಡುತ್ತಿದ್ದೇನೆ, ಕೋಚ್ ಕರೆ ಮಾತ್ರ ಇರಲಿ. ರೊಟ್ಟಿ, ಚಟ್ನಿ, ಉಸಳಿಯ ಲೆಕ್ಕವನ್ನು ನನ್ನದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ರಜೆ ದಿನ ಬೆಳಿಗ್ಗೆ ಪರ್ವತಿ ಬೆಟ್ಟದ 103 ಮೆಟ್ಟಿಲು ಹತ್ತುವುದೂ ಸೇರಿದೆ, ಅಕ್ಕನೂ ಬರುತ್ತೇನೆ ಅಂದಿದ್ದಾಳೆ, ಡಾಕ್ಟರನ್ನು ಕೇಳಿಕೊಂಡೇ.