ಬಣ್ಣ ಹಚ್ಚುವ ಮೊದಲು

ನನ್ನ ಎರಡನೇ ಮ್ಯಾಂಡೊಲಿನ್ ಅನ್ನು ಮೊದಲ ಸಲ ನುಡಿಸಿದಾಗ ಅದಕ್ಕೆ ಬಣ್ಣವೇ ಹಚ್ಚಿರಲಿಲ್ಲ. ಬರೀ ಮರ. ಒಬ್ಬರೇ ಕೂತು ಈ ವಾದ್ಯ ಮಾಡುವವರಲ್ಲಿ ಅನೇಕರು ಈ ಹಂತದಲ್ಲಿ ಒಮ್ಮೆ ನಿಲ್ಲುತ್ತಾರೆ. ಪೆಟ್ಟಿಗೆ ಮುಚ್ಚಿ, ಕತ್ತು ಕೂಡಿಸಿ, ಫ್ರೆಟ್ ಅನ್ನುವ ಲೋಹದ ಸಣ್ಣ ಪಟ್ಟಿಗಳನ್ನು ಕತ್ತಿನ ಮೇಲೆ ಹೊಡೆದು, ವಾರ್ನಿಷ್‌ಗೆ ಮುಂಚೆಯೇ ತಂತಿ ಕಟ್ಟಿ ಕೇಳುತ್ತಾರೆ. ಏನಾದರೂ ತಿದ್ದಬೇಕಿದ್ದರೆ ಆಗಲೇ ತಿದ್ದಬೇಕು. "ಬಂದು ನುಡಿಸಿ. ನಿಮ್ಮ ಕೈಯಲ್ಲಿ ಹೇಗೆ ಕೇಳುತ್ತೆ ಅಂತ ನನಗೂ ಗೊತ್ತಾಗಬೇಕು" ಅಂತ ನನ್ನದನ್ನು ಮಾಡುತ್ತಿದ್ದವರು ಹೇಳಿ ಕಳಿಸಿದ್ದರು. ಬೆಳಿಗ್ಗೆಯೇ ಹೋದೆ.

ಮ್ಯಾಂಡೊಲಿನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಯು. ಶ್ರೀನಿವಾಸ್. ಅವರು ನುಡಿಸುತ್ತಿದ್ದದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ನಾನು ಹೇಳುತ್ತಿರುವುದು ಇನ್ನೊಂದು ಬಗೆಯದ್ದು. ಎಂಟು ತಂತಿ, ಎರಡೆರಡರ ನಾಲ್ಕು ಜೋಡಿ, ಪಾಶ್ಚಾತ್ಯ ಪಿಟೀಲಿನ ಹಾಗೇ ಜಿ, ಡಿ, ಎ, ಇ ಶ್ರುತಿ. ವೈರ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಕೆತ್ತಿದ ಎರಡು ಹಲಗೆ, ಅವುಗಳ ನಡುವಿನ ಗಾಳಿ, ಇಷ್ಟರಿಂದಲೇ ನಾದ ಹುಟ್ಟಬೇಕು. ಅದಕ್ಕೇ ಇಲ್ಲಿ ಕೆತ್ತುವವರ ಕೈಗೆ ಅಷ್ಟೊಂದು ಬೆಲೆ.

ನನ್ನ ಮೊದಲನೆಯದ್ದು ಬೇರೊಬ್ಬರು ಮಾಡಿದ್ದು. ಅದಕ್ಕೆ ನಡುವೆ ಮೊಟ್ಟೆಯಾಕಾರದ ಒಂದೇ ರಂಧ್ರ. ನಾದ ದುಂಡಗೆ, ಮೆತ್ತಗೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ಒಬ್ಬನೇ ಕೂತು ನಿಧಾನದ ರಾಗ ನುಡಿಸಲು ಅದಕ್ಕಿಂತ ಒಳ್ಳೆಯದು ನನಗೆ ಬೇಡ. ಆದರೆ ನಾಲ್ಕು ಜನರ ಜೊತೆ ನುಡಿಸುವಾಗ ಗಿಟಾರ್, ಪಿಟೀಲುಗಳ ನಡುವೆ ಅದು ಕಳೆದುಹೋಗುತ್ತಿತ್ತು. ಅಲ್ಲಿ ಬೇಕಾಗುವುದು ಚುರುಕಾಗಿ ಎದ್ದು, ಚುರುಕಾಗಿ ನಿಲ್ಲುವ ನಾದ. ಎಫ್ ಆಕಾರದ ಎರಡು ಸೀಳುಗಳ ಮ್ಯಾಂಡೊಲಿನ್ ಮಾಡಿಸಿದ್ದು ಅದಕ್ಕೇ.

ಈ ಎಫ್ ಸೀಳಿನ ಮಾದರಿ ಬಂದದ್ದು ವಾದ್ಯ ಮಾಡುವ ಅಮೆರಿಕದ ಗಿಬ್ಸನ್ ಕಂಪನಿಯಿಂದ. ಲಾಯ್ಡ್ ಲೋರ್ ಅಲ್ಲಿ ಕೆಲಸಕ್ಕಿದ್ದಾಗ, 1922ರಲ್ಲಿ, ಎಫ್-5 ಅನ್ನುವ ಮ್ಯಾಂಡೊಲಿನ್ ಹೊರಬಂತು. ಅಮೆರಿಕದ ಬ್ಲೂಗ್ರಾಸ್ ಸಂಗೀತ ಕಟ್ಟಿದ ಬಿಲ್ ಮನ್ರೋ ದಶಕಗಟ್ಟಲೆ ನುಡಿಸಿದ ವಾದ್ಯದ ಒಳಗೆ ಲೋರ್ ಸಹಿಯೂ 1923ರ ಜುಲೈ 9ರ ತಾರೀಖೂ ಇದೆ. ಇವತ್ತು ಸಣ್ಣದಾಗಿ ಕೆಲಸ ಮಾಡುವ ಹೆಚ್ಚಿನವರು ಅಳತೆಗೆ ಇಟ್ಟುಕೊಳ್ಳುವುದು ಆ ಕಾಲದ ವಾದ್ಯಗಳನ್ನೇ. ಎಫ್ ಮಾದರಿಗೆ ಭುಜದಲ್ಲಿ ಒಂದು ಸುರುಳಿ ಇರುತ್ತದೆ. ನೋಡಲು ಬಹಳ ಚೆಂದ, ಕೆತ್ತಲು ಬಹಳ ಕಷ್ಟ. ನಾದಕ್ಕೆ ಅದರಿಂದ ಸಿಗುವುದು ಅತಿ ಕಡಿಮೆ ಅಂತ ನನ್ನ ಕಿವಿ ಹೇಳುತ್ತದೆ. ಅದಕ್ಕೇ ಸುರುಳಿ ಇಲ್ಲದ, ಸರಳ ಹನಿಯಾಕಾರದ ಎ ಮಾದರಿ ಕೇಳಿದೆ, ಸೀಳು ಮಾತ್ರ ಎಫ್ ಆಕಾರದವೇ. ಸುರುಳಿಗೆ ಹೋಗುವ ಆ ವಾರಗಳ ಶ್ರಮ ಹಲಗೆಗಳ ಮೇಲೆ ಹೋಗಲಿ, ಅಲ್ವಾ?

ಅವತ್ತು ಹೋದ ಕೂಡಲೇ ಅವರು ನುಡಿಸಲು ಬಿಡಲಿಲ್ಲ. ಎಂಟು ತಂತಿಗಳ ಒಟ್ಟು ಎಳೆತ 75 ಕಿಲೋ ಆಸುಪಾಸು. ಅದರ ಒಂದು ಪಾಲು, ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಡ್ಜ್ ಮೂಲಕ, ಮೇಲಿನ ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಸ್ಪ್ರೂಸ್ ಅನ್ನುವ ಮರದ ಆ ಹಲಗೆ ನಡುವೆ 4–5 ಮಿಲಿಮೀಟರ್ ದಪ್ಪ, ಅಂಚಿನ ಹತ್ತಿರ 3ರ ಆಸುಪಾಸು, ಅಷ್ಟೇ. ಇಷ್ಟು ಭಾರಕ್ಕೆ ಮರ ಒಗ್ಗಿಕೊಳ್ಳಬೇಕು. ಶ್ರುತಿ ಇಳಿಯುತ್ತಲೇ ಇತ್ತು, ಅವರು ಏರಿಸುತ್ತಲೇ ಇದ್ದರು.

ಆ ಹೊತ್ತಿನಲ್ಲಿ ಕತ್ತಿನ ಕೆಲಸ ಮುಗಿಸಿದೆವು. ಹಿಡಿದು ನೋಡಿ ಅಂತ ಕೊಟ್ಟರು. ಹೆಬ್ಬೆರಳು ಕೂರುವ ಕಡೆ ಸ್ವಲ್ಪ ದಪ್ಪ ಅನ್ನಿಸಿತು. ಹೇಳಿದೆ. ಅರದಲ್ಲಿ ನಾಲ್ಕು ಎಳೆತ, ಮರಳು ಕಾಗದದಲ್ಲಿ ಒಂದಿಷ್ಟು ಉಜ್ಜಾಟ, ಮತ್ತೆ ಕೈಗೆ. ಈಗ ಬೆರಳುಗಳು ತಾವಾಗಿಯೇ ಹೋಗಿ ಕೂತವು. ನನ್ನ ಕೈಯ ಅಳತೆಗೆ ಒಂದು ವಾದ್ಯದ ಕತ್ತು ನನ್ನ ಕಣ್ಣೆದುರೇ ರೂಪಾಗುವುದು ಅದೇ ಮೊದಲು. ಆಗ ಆದ ಖುಷಿ ಈಗಲೂ ಅಷ್ಟೇ ತಾಜಾ ಇದೆ.

ಆಮೇಲೆ ಒಂದು ವಿಚಿತ್ರ ಕೆಲಸ ಹೇಳಿದರು. ಎಫ್ ಸೀಳಿನ ಹತ್ತಿರ ಬಾಯಿ ಇಟ್ಟು, ಕೆಳಗಿನ ಸ್ವರದಿಂದ ನಿಧಾನಕ್ಕೆ ಮೇಲಕ್ಕೆ ಗುನುಗಿ ಅಂದರು. ಗುನುಗಿದೆ. ಒಂದು ಕಡೆ ಬಂದಾಗ ಇಡೀ ಪೆಟ್ಟಿಗೆ ಕೈಯಲ್ಲಿ ಜುಮ್ಮೆಂದಿತು. ಒಳಗಿನ ಗಾಳಿಯ ಸ್ವಂತ ಸ್ವರ ಅದು. ಇದರಲ್ಲಿ ಅದು ಡಿಗಿಂತ ಚೂರು ಕೆಳಗಿತ್ತು. ಸರಿಯಾಗಿ ಒಂದು ಸ್ವರದ ಮೇಲೇ ಬಿದ್ದರೆ ಆ ಸ್ವರ ಮಾತ್ರ ಎದ್ದು ಕೂಗಿ, ಬೇಗ ಸತ್ತುಹೋಗುತ್ತದೆ. ಎರಡು ಸ್ವರಗಳ ನಡುವೆ ಬಿದ್ದರೆ ಎಲ್ಲವೂ ಸಮವಾಗಿ ಬರುತ್ತವೆ. ಸೀಳನ್ನು ಒಂದಿಷ್ಟು ಅಗಲ ಮಾಡಿದರೆ ಅದು ಮೇಲೇರುತ್ತದೆ. ಇದನ್ನು ಏರಿಸುವುದು ಬೇಡ, ಇರುವ ಜಾಗವೇ ಚೆನ್ನಾಗಿದೆ ಅಂದರು.

ಕೊನೆಗೆ ನುಡಿಸಿದೆ. ಇ ಮತ್ತು ಎ ತಂತಿಗಳು ಖಣ್ ಅನ್ನುತ್ತಿದ್ದವು. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್ ಹಿಡಿದು ಮೊಟಕಾಗಿ ಕಡಿದರೆ ಸದ್ದು ಗಟ್ಟಿಯಾಗಿ ಎದ್ದು ಅಲ್ಲೇ ನಿಲ್ಲುತ್ತಿತ್ತು. ನನಗೆ ಬೇಕಿದ್ದದ್ದು ಅದೇ. ಜಿ ತಂತಿಗಳಿಗೆ ಬಂದಾಗ ಮಾತ್ರ ಏನೋ ಬಿಗಿತ. ಅವರು "ಚೆನ್ನಾಗಿದೆಯಾ?" ಅಂತ ಕೇಳಲಿಲ್ಲ. "ಎಲ್ಲಿ ಸಾಲದು, ಹೇಳಿ" ಅಂದರು. ಜಿ ಮೇಲೆ ಮೆಲ್ಲಗೆ ಟ್ರೆಮೊಲೊ, ಅಂದರೆ ಒಂದೇ ಸ್ವರವನ್ನು ಬೇಗಬೇಗ ಮೀಟುವುದು, ಹಿಡಿದು ತೋರಿಸಿದೆ. ಸ್ವರ ಗಂಟಲಲ್ಲೇ ನಿಂತ ಹಾಗಿತ್ತು. ಅವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, ತೆಳು ಉಕ್ಕಿನ ಹೆರೆಯುವ ಪಟ್ಟಿ ತೆಗೆದುಕೊಂಡರು.

ಮೇಲಿನ ಹಲಗೆ ಅಂಚಿಗೆ ಬರುವ ಮುಂಚೆ ಒಂದು ತಗ್ಗಾಗಿ ಇಳಿದು ಮತ್ತೆ ಮೇಲೇಳುತ್ತದೆ. ಹಲಗೆ ಬಾಗುವುದು ಹೆಚ್ಚಾಗಿ ಆ ತಗ್ಗಿನಲ್ಲೇ. ಅಲ್ಲಿ ತೆಳುವಾದರೆ ನಡುಭಾಗ ಸಲೀಸಾಗಿ ಅಲುಗಾಡುತ್ತದೆ, ಕೆಳಗಿನ ಸ್ವರಗಳು ಬಿಚ್ಚಿಕೊಳ್ಳುತ್ತವೆ. ಜಿ ತಂತಿಯ ಕಡೆಯ ತಗ್ಗಿನಲ್ಲಿ, ತಂತಿ ಬಿಚ್ಚದೆಯೇ, ಒಂದೆರಡು ಎಳೆತ ಹೆರೆದರು. ಬಂದದ್ದು ಕಾಗದಕ್ಕಿಂತ ತೆಳುವಾದ ಎಳೆಗಳು. ಮತ್ತೆ ನುಡಿಸಿದೆ. ಏನೂ ಗೊತ್ತಾಗಲಿಲ್ಲ. ಮತ್ತೆ ಹೆರೆದರು. ಸ್ವಲ್ಪ ಬದಲಾಯಿತಾ? ಅನುಮಾನ. ಮತ್ತೆ ಹೆರೆದರು. ಹೀಗೇ ಮಧ್ಯಾಹ್ನ ಕಳೆಯಿತು. ಒಂದು ಸಲ ನುಡಿಸಿದಾಗ ಜಿ ತೆರೆದುಕೊಂಡಿತು. ನಾವಿಬ್ಬರೂ ಒಟ್ಟಿಗೇ ತಲೆಯೆತ್ತಿದೆವು.

ನನಗೆ ಆಸೆ ಹತ್ತಿತು. ಇನ್ನೂ ಚೂರು ತೆಗೆದರೆ ಇನ್ನೂ ತುಂಬಿ ಬರುತ್ತಲ್ವಾ ಅಂತ ಕೇಳಿದೆ. ಬೇಡ ಅಂದರು. ಹೊಸ ಸ್ಪ್ರೂಸ್ ನುಡಿಸುತ್ತಾ ನುಡಿಸುತ್ತಾ ತಾನೇ ಸಡಿಲವಾಗುತ್ತದೆ. ಇವತ್ತೇ ಪೂರ್ತಿ ಬಿಚ್ಚಿಬಿಟ್ಟರೆ ಮುಂದೆ ನಾದ ಸಪ್ಪೆಯಾಗುತ್ತದೆ, ಬ್ರಿಡ್ಜ್ ಕೆಳಗೆ ಹಲಗೆ ಕುಸಿದರೂ ಕುಸಿಯಬಹುದು. "ತೆಗೆದದ್ದನ್ನು ವಾಪಸ್ ಅಂಟಿಸೋಕೆ ಆಗಲ್ಲ. ಉಳಿದ ಕೆಲಸ ನೀವು ನುಡಿಸಿಯೇ ಮಾಡಬೇಕು" ಅಂದು ಪಟ್ಟಿ ಒರೆಸಿ ಇಟ್ಟರು.

ಕಾರ್ಖಾನೆಯ ಮ್ಯಾಂಡೊಲಿನ್‌ಗಳೆಲ್ಲ ಕೆಟ್ಟವು ಅಂತ ನಾನು ಹೇಳುವುದಿಲ್ಲ. ಒಳ್ಳೊಳ್ಳೆಯವನ್ನೂ ನುಡಿಸಿದ್ದೇನೆ. ಆದರೆ ಯಂತ್ರ ಎಲ್ಲ ಹಲಗೆಗಳನ್ನೂ ಒಂದೇ ದಪ್ಪಕ್ಕೆ ಇಳಿಸುತ್ತದೆ. ಎರಡು ಸ್ಪ್ರೂಸ್ ಹಲಗೆಗಳು ಒಂದೇ ಥರ ಇರುವುದೇ ಇಲ್ಲ. ಒಂದು ಗಡಸು, ಒಂದು ಮೆದು. ಒಂದೇ ಮರದ ಎರಡು ತುಂಡುಗಳೂ ಬೇರೆ ಬೇರೆ. ಹೆಬ್ಬೆರಳಲ್ಲಿ ಬಾಗಿಸಿ, ಬೆರಳಲ್ಲಿ ತಟ್ಟಿ, ಈ ತುಂಡಿಗೆ ಎಷ್ಟು ದಪ್ಪ ಸಾಕು ಅಂತ ಒಬ್ಬರು ಕೂತು ತೀರ್ಮಾನ ಮಾಡಬೇಕು. ನಾನು ಕಾದದ್ದು ಆ ತೀರ್ಮಾನಕ್ಕೆ.

ವಾರ್ನಿಷ್ ಕೆಲಸ ತಿಂಗಳುಗಟ್ಟಲೆ ನಡೆಯಿತು. ತೆಳ್ಳಗೆ ಒಂದು ಪದರ, ಒಣಗಲು ಬಿಡು, ಮತ್ತೊಂದು ಪದರ. ದಪ್ಪಗೆ ಬಳಿದರೆ ಹಲಗೆಯ ಬಾಯಿ ಕಟ್ಟಿದ ಹಾಗಾಗುತ್ತದೆ. ಮನೆಗೆ ಬಂದಾಗ ಬಣ್ಣ ಕಂದು, ನಡುವೆ ಜೇನಿನ ಹೊಳಪು. ಮೊದಲ ದಿನಗಳಲ್ಲಿ ಜಿ ಮತ್ತೆ ಸ್ವಲ್ಪ ಬಿಗಿಯಾಗಿ ಕೇಳಿತು. ದಿನಾ ನುಡಿಸಿದೆ. ಮೆಲ್ಲಗೆ ಬಿಟ್ಟುಕೊಟ್ಟಿತು.

ಈಗ ಎರಡನ್ನೂ ಒಂದೇ ಕಡೆ ಇಟ್ಟಿದ್ದೇನೆ. ಗಾಳಿಯ ತೇವ 40–55 ಶೇಕಡಾ ನಡುವೆ ಇರಲಿ ಅಂತ ನೋಡಿಕೊಳ್ಳುತ್ತೇನೆ. ತೀರಾ ಒಣಗಿದರೆ ಹಲಗೆ ಸೀಳುತ್ತದೆ. ತಂತಿ ಬದಲಿಸುವಾಗ ಒಂದೊಂದೇ ಬಿಚ್ಚುತ್ತೇನೆ. ಬ್ರಿಡ್ಜ್ ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲೇ ನಿಂತಿರುವುದು, ಎಲ್ಲ ಒಟ್ಟಿಗೆ ತೆಗೆದರೆ ಜಾಗ ತಪ್ಪುತ್ತದೆ. ಕೂಟ ಇದ್ದ ದಿನ ಎಫ್ ಸೀಳಿನದ್ದು, ಒಬ್ಬನೇ ಇದ್ದರೆ ಹಳೆಯದ್ದು.

ಅವರು ಮಾಡುವ ಪ್ರತಿ ವಾದ್ಯಕ್ಕೂ ನೋಟ್‌ಬುಕ್‌ನಲ್ಲಿ ಒಂದು ಪುಟ ಇದೆ. ನನ್ನದರ ಪುಟದಲ್ಲಿ ಹಲಗೆಯ ದಪ್ಪ, ಗಾಳಿಯ ಸ್ವರ, ಅವತ್ತು ಎಲ್ಲೆಲ್ಲಿ ಹೆರೆದದ್ದು ಎಲ್ಲ ಬರೆದಿಟ್ಟಿದ್ದಾರೆ. ಅದೇ ಸ್ಪ್ರೂಸ್ ದಿಮ್ಮಿಯ ಇನ್ನೊಂದು ತುಂಡು ಅವರ ಹತ್ತಿರ ಉಳಿದಿದೆ. ಅದರಲ್ಲಿ ಮಾಡುವ ಮ್ಯಾಂಡೊಲಿನ್‌ಗೆ ಈ ಸಲ ಜಿ ಕಡೆಯ ತಗ್ಗನ್ನು ಮೊದಲೇ ಸ್ವಲ್ಪ ತೆಳುವಾಗಿ ಕೆತ್ತುತ್ತಾರಂತೆ. ತಂತಿ ಕಟ್ಟುವ ದಿನ ನಿಮ್ಮದನ್ನೂ ತೆಗೆದುಕೊಂಡು ಬನ್ನಿ, ಪಕ್ಕಪಕ್ಕ ಇಟ್ಟು ಕೇಳೋಣ ಅಂತ ಹೇಳಿದ್ದಾರೆ.