ತೆಳುಗಾಳಿಯ ಊರಿನಲ್ಲಿ ಹಳೆಯ ಪಿಕಪ್: ಎಂಜಿನ್ನಿನ ಹದ, ಗೇರುಗಳ ಲೆಕ್ಕ

ಕೊಲರಾಡೊದ ಡೆನ್ವರ್ ನಗರಕ್ಕೆ ಬಂದು ನೆಲೆಸಿದ ಮೇಲೆ ನನಗೆ ಹತ್ತಿಕೊಂಡ ಗೀಳು 1969ರ ಒಂದು ಶೆವ್ರೊಲೆ ಸಿ-10 ಪಿಕಪ್. ಇಲ್ಲಿ 1967ರಿಂದ 1972ರವರೆಗಿನ ಈ ಮಾದರಿಗೆ ಬೋನೆಟ್ಟಿನಿಂದ ಹಿಡಿದು ಬಾಗಿಲಿನ ರಬ್ಬರಿನವರೆಗೆ ಹೊಸ ಬಿಡಿಭಾಗಗಳು ಇಂದಿಗೂ ತಯಾರಾಗುತ್ತಿರುವುದರಿಂದ, ಬೇಕಾದದ್ದು ಸಿಗುವುದಿಲ್ಲ ಎಂಬ ಕೊರತೆಯಿಲ್ಲ. ತೊಂದರೆ ಇರುವುದು ಬೇಡವಾದದ್ದೂ ಅಷ್ಟೇ ಸುಲಭವಾಗಿ ಸಿಗುವುದರಲ್ಲಿ. ಊರಿನಿಂದ ಫೋನು ಮಾಡುವವರು ತಪ್ಪದೆ ಕೇಳುವ ಪ್ರಶ್ನೆ ಮೈಲೇಜ್ ಎಷ್ಟು ಎಂಬುದು. 5.7 ಲೀಟರಿನ ವಿ-8 ಎಂಜಿನ್ ಇಟ್ಟುಕೊಂಡವನನ್ನು ಹಾಗೆ ಕೇಳುವುದು ಸ್ವಲ್ಪ ನಿರ್ದಯವೇ ಆದರೂ ಪ್ರಶ್ನೆ ಸರಿಯಾದ ಕಡೆಗೇ ಬೆರಳು ತೋರಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಮೊದಲು ನಿರ್ಧರಿಸಿದರೆ, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಶಾಫ್ಟ್ ಎಲ್ಲವೂ ಆ ಒಂದು ಸಂಖ್ಯೆಯನ್ನು ಅನುಸರಿಸಿ ಬರುತ್ತವೆ. ಹೆಚ್ಚಿನವರು ಇದಕ್ಕೆ ವಿರುದ್ಧವಾಗಿ ಗಾಳಿಗೆ ಪೆಟ್ರೋಲ್ ಬೆರೆಸುವ, ಹೊಳೆಯುವ ಕಾರ್ಬುರೇಟರಿನಿಂದ ಆರಂಭಿಸುತ್ತಾರೆ.

ಆದರೆ ಯಾವ ಭಾಗವನ್ನು ಕೊಳ್ಳುವುದಕ್ಕೂ ಮುಂಚೆ ಇರುವ ಎಂಜಿನ್ ಹದಕ್ಕೆ ಬರಬೇಕು, ಮತ್ತು ಈ ಊರಿನಲ್ಲಿ ಆ ಕೆಲಸಕ್ಕೆ ಒಂದು ವಿಶೇಷ ತೊಡಕಿದೆ. ಡೆನ್ವರ್ ಸಮುದ್ರಮಟ್ಟದಿಂದ 5280 ಅಡಿ, ಅಂದರೆ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಕಡಲತೀರದ ಒತ್ತಡದ ಸುಮಾರು ಶೇಕಡ 83ರಷ್ಟು ಮಾತ್ರ. ಇಂದಿನ ಕಾರುಗಳ ಕಂಪ್ಯೂಟರ್ ಇದನ್ನು ಅಳೆದು ಪೆಟ್ರೋಲನ್ನು ತಾನೇ ಕಡಿಮೆ ಮಾಡುತ್ತದೆ. ಕಾರ್ಬುರೇಟರಿಗೆ ಆ ತಿಳಿವಳಿಕೆ ಇಲ್ಲ. ಕಡಲತೀರಕ್ಕೆಂದು ಹೊಂದಿಸಿದ ಜೆಟ್ಟುಗಳನ್ನು, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರಗಳನ್ನು, ಹಾಗೆಯೇ ಬಿಟ್ಟರೆ ಗಾಳಿಯ ಪ್ರಮಾಣಕ್ಕೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗುಗಳು ಮಸಿ ಹಿಡಿಯುತ್ತವೆ. ಪ್ರತಿ 2000 ಅಡಿ ಎತ್ತರಕ್ಕೆ ಜೆಟ್ಟನ್ನು ಸುಮಾರು ಒಂದು ಅಳತೆ ಕಿರಿದು ಮಾಡುವುದು ಇಲ್ಲಿಯ ಮೆಕ್ಯಾನಿಕ್‌ಗಳ ವಾಡಿಕೆ. ಎಂಜಿನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತವನ್ನು ಪಾದರಸದ ಇಂಚುಗಳಲ್ಲಿ ತೋರಿಸುವ ವ್ಯಾಕ್ಯೂಮ್ ಮಾಪಕದಲ್ಲಿಯೂ ಇದೇ ಕಥೆ: ಆರೋಗ್ಯವಂತ ಎಂಜಿನ್, ಗಾಡಿ ನಿಂತು ಅದು ಸುಮ್ಮನೆ ಓಡುವ ಐಡಲ್‌ನಲ್ಲಿ 17ರಿಂದ 21 ಇಂಚು ತೋರಿಸಬೇಕು ಎಂದು ಕೈಪಿಡಿಗಳು ಹೇಳುತ್ತವೆ, ಆದರೆ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕಾದ್ದರಿಂದ ಇಲ್ಲಿ 14 ಇಂಚು ತೋರಿಸಿದರೆ ಅದು ಕಾಯಿಲೆಯ ಲಕ್ಷಣವಲ್ಲ. ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ (ಅಕಾಲದಲ್ಲಿ ತಾನೇ ಹೊತ್ತಿ ಬಡಿಯದಂತೆ ತಡೆಯುವ ಶಕ್ತಿಯ ಅಳತೆ) ಹೆಚ್ಚಿನ ರಾಜ್ಯಗಳಲ್ಲಿ 87 ಇದ್ದರೆ ಇಲ್ಲಿ 85. ತೆಳುಗಾಳಿಯಲ್ಲಿ ಸಿಲಿಂಡರಿನೊಳಗಿನ ಒತ್ತಡ ಕಡಿಮೆಯಾಗಿ ನಾಕಿಂಗ್, ಅಂದರೆ ಆ ಬಡಿತ, ಕೂಡ ಕಡಿಮೆಯಾಗುತ್ತದೆ ಎಂಬ ಕಾರ್ಬುರೇಟರ್ ಕಾಲದ ತರ್ಕ ಇದರ ಹಿಂದಿದೆ, ಮತ್ತು ನನ್ನ ಗಾಡಿಯ ಮಟ್ಟಿಗೆ ಆ ತರ್ಕ ಇನ್ನೂ ಸರಿಯೇ. ಅದೇ ಪೆಟ್ರೋಲನ್ನು ತುಂಬಿಕೊಂಡು ಪೂರ್ವದ ಕ್ಯಾನ್ಸಸ್ ಬಯಲಿಗೆ ಇಳಿಯುವುದು ಮಾತ್ರ ಬೇರೆ ಮಾತು.

ಹದಗೊಳಿಸುವ ಕ್ರಮದಲ್ಲಿ ಕಾರ್ಬುರೇಟರ್ ಕೊನೆಯದು. ಮೊದಲು ಎಂಟೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ, ಆಮೇಲೆ ವಾಲ್ವುಗಳು, ಆಮೇಲೆ ಇಗ್ನಿಷನ್, ಅಂದರೆ ಕಿಡಿಯ ವ್ಯವಸ್ಥೆ. ಕಾರ್ಬುರೇಟರಿನದೆಂದು ದೂರಲಾಗುವ ದೋಷಗಳಲ್ಲಿ ಹೆಚ್ಚಿನವು ಕಿಡಿಯ ದೋಷಗಳೋ ಎಲ್ಲೋ ಸೋರುವ ವ್ಯಾಕ್ಯೂಮ್ ಪೈಪುಗಳ ದೋಷಗಳೋ ಆಗಿರುತ್ತವೆ. ಕಿಡಿ ಹೊತ್ತುವ ಸಮಯವನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿಯುವ ಮುನ್ನ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಮುಂದಿದ್ದು ಅದರ ಅದುರಾಟ ತಗ್ಗಿಸುವ ಡ್ಯಾಂಪರನ್ನು ಪರೀಕ್ಷಿಸುವುದು ಅಗತ್ಯ. ಅದರ ಹೊರಬಳೆ ಒಳಭಾಗಕ್ಕೆ ರಬ್ಬರಿನಿಂದ ಅಂಟಿಕೊಂಡಿರುತ್ತದೆ. ಐವತ್ತು ವರ್ಷ ದಾಟಿದ ರಬ್ಬರ್ ಸಡಿಲಗೊಂಡು ಬಳೆ ಸರಿದುಬಿಟ್ಟರೆ, ಅದರ ಮೇಲಿನ ಗುರುತು ಸುಳ್ಳು ಹೇಳತೊಡಗುತ್ತದೆ. ಒಂದನೆಯ ಸಿಲಿಂಡರಿನ ಪ್ಲಗ್ ತೆಗೆದು, ಆ ರಂಧ್ರಕ್ಕೆ ಪಿಸ್ಟನ್ನನ್ನು ತಡೆಯುವ ಬೋಲ್ಟ್ ಹಾಕಿ, ಕ್ರ್ಯಾಂಕನ್ನು ಎರಡೂ ದಿಕ್ಕಿಗೆ ಕೈಯಿಂದ ತಿರುಗಿಸಿ ನಿಂತ ಎರಡು ಜಾಗಗಳ ನಟ್ಟನಡುವೆ ಗುರುತು ಮಾಡಿದರೆ ಪಿಸ್ಟನ್ ತುತ್ತತುದಿಗೆ ಬರುವ ನಿಜವಾದ ಬಿಂದು ಸಿಗುತ್ತದೆ. ಇದನ್ನು ಮಾಡದೆ ಟೈಮಿಂಗ್ ಬಗ್ಗೆ ವಾದಿಸುವುದು ಕೆಟ್ಟ ತಕ್ಕಡಿ ಹಿಡಿದು ತೂಕಕ್ಕೆ ಜಗಳವಾಡಿದ ಹಾಗೆ. ಈ ಎಂಜಿನ್ನಿನ ಹಳೆಯ ಹೆಡ್ಡುಗಳಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳಗಳಿಗೆ) ಐಡಲ್‌ನಲ್ಲಿ ಆ ಬಿಂದುವಿಗಿಂತ 8ರಿಂದ 12 ಡಿಗ್ರಿ ಮುಂಚೆ ಕಿಡಿ, ಸುತ್ತುಗಳು ಮೂರು ಸಾವಿರ ಮುಟ್ಟುವಷ್ಟರಲ್ಲಿ ಒಟ್ಟು 34ರಿಂದ 36 ಡಿಗ್ರಿ ಸರಿಹೊಂದುತ್ತದೆ. ವ್ಯಾಕ್ಯೂಮಿನ ಬಲದಿಂದ ಕಿಡಿಯನ್ನು ಇನ್ನಷ್ಟು ಮುಂಚಿತಗೊಳಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಇದಕ್ಕೆ ಸೇರುವ ಪ್ರತ್ಯೇಕ ಭಾಗ. ರೇಸಿನವರನ್ನು ನೋಡಿ ಅದರ ಪೈಪನ್ನು ಕಿತ್ತು ಮುಚ್ಚುವವರಿದ್ದಾರೆ, ಆದರೆ ರಸ್ತೆಯಲ್ಲಿ ಓಡುವ ಗಾಡಿಗೆ ಹದವಾದ ವೇಗದಲ್ಲಿ ಪೆಟ್ರೋಲ್ ಉಳಿಸುವುದು ಅದೇ.

ಇದಾದ ಮೇಲೆ ಕಾರ್ಬುರೇಟರ್. ನಾಲ್ಕು ಬಾಯಿಯ ಕಾರ್ಬುರೇಟರಾದ ರಾಚೆಸ್ಟರ್ ಕ್ವಾಡ್ರಜೆಟ್‌ಗೆ ಇಲ್ಲಿ ಒಳ್ಳೆಯ ಹೆಸರಿಲ್ಲ. ನನಗೆ ಅದು ಪಿಕಪ್ಪಿಗೆ ಹೇಳಿ ಮಾಡಿಸಿದಂತಿದೆ ಎನಿಸುತ್ತದೆ: ಮುಂದಿನ ಎರಡು ಬಾಯಿಗಳು ಕಿರಿದಾಗಿರುವುದರಿಂದ ಸಾಮಾನ್ಯ ಓಡಾಟದಲ್ಲಿ ಮಿತವಾಗಿ ಕುಡಿಯುತ್ತದೆ, ಹಿಂದಿನ ಎರಡು ದೊಡ್ಡ ಬಾಯಿಗಳು ಘಾಟಿ ಹತ್ತುವಾಗ ಮಾತ್ರ ತೆರೆದುಕೊಳ್ಳುತ್ತವೆ. ಸೈಲೆನ್ಸರ್ ಪೈಪಿಗೆ ಆಕ್ಸಿಜನ್ ಸೆನ್ಸರ್ ಕೂರಿಸಿಕೊಂಡು ಜೆಟ್ ಬದಲಿಸಿದರೆ ಊಹೆಯ ಕೆಲಸ ಕಡಿಮೆ. ಶುದ್ಧ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಎಂಬುದು ಪುಸ್ತಕದ ಲೆಕ್ಕ, ಆದರೆ ಶೇಕಡ 10 ಎಥನಾಲ್ ಬೆರೆತ ಇಲ್ಲಿಯ ಪೆಟ್ರೋಲಿಗೆ ಅದು ಸುಮಾರು 14.1. ಈ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ, ಆದ್ದರಿಂದ ಟ್ಯಾಂಕಿನಿಂದ ಪಂಪಿನವರೆಗಿನ ಪೈಪುಗಳನ್ನೆಲ್ಲ ಬದಲಿಸಿಯೇ ಮುಂದುವರಿಯಬೇಕು.

ಕ್ಯಾಮ್ ಶಾಫ್ಟ್ ವಿಷಯದಲ್ಲಿ ನಾನು ಹಟಮಾರಿ. ಗುಡುಗುಟ್ಟುವ ಐಡಲ್ ಕೊಡುವ ದೊಡ್ಡ ಕ್ಯಾಮ್ ಹಾಕಿದರೆ ಎಂಜಿನ್ನಿನ ವ್ಯಾಕ್ಯೂಮ್ ಇಳಿಯುತ್ತದೆ, ಮತ್ತು ಆ ವ್ಯಾಕ್ಯೂಮಿನಿಂದಲೇ ಪವರ್ ಬ್ರೇಕ್ ಕೆಲಸ ಮಾಡುವುದು. ಎತ್ತರದ ದೆಸೆಯಿಂದ ಆಗಲೇ ಐದು ಇಂಚು ಕಳೆದುಕೊಂಡಿರುವ ಊರಿನಲ್ಲಿ ಇನ್ನೂ ನಾಲ್ಕನ್ನು ಸದ್ದಿಗಾಗಿ ಬಿಟ್ಟುಕೊಡುವುದು ವಿವೇಕವಲ್ಲ.

ಇನ್ನು ಗೇರುಗಳು. ಇಲ್ಲಿಯ ಸೂತ್ರ ಸರಳ: ಗಂಟೆಗೆ ಇಷ್ಟು ಮೈಲಿ ಎಂಬ ವೇಗವನ್ನು ಒಟ್ಟು ಗೇರ್ ಅನುಪಾತದಿಂದಲೂ (ಗೇರಿನ ಮತ್ತು ಆಕ್ಸಲ್ಲಿನ ಅನುಪಾತಗಳ ಗುಣಲಬ್ಧ) 336ರಿಂದಲೂ ಗುಣಿಸಿ, ಇಂಚಿನಲ್ಲಿರುವ ಟೈರಿನ ವ್ಯಾಸದಿಂದ ಭಾಗಿಸಿದರೆ ಎಂಜಿನ್ನಿನ ಸುತ್ತು ಸಿಗುತ್ತದೆ. ನನ್ನ ಟೈರಿನ ವ್ಯಾಸ 28 ಇಂಚು. ಹಿಂದಿನ ಆಕ್ಸಲ್ 3.73ರದು (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಬರುವ ಪ್ರೊಪೆಲರ್ ಶಾಫ್ಟ್ 3.73 ಸುತ್ತು ತಿರುಗುತ್ತದೆ), ಟರ್ಬೊ 350 ಎಂಬ ಮೂರು ಗೇರಿನ ಆಟೊಮ್ಯಾಟಿಕ್ ಇದ್ದಾಗ 65 ಮೈಲಿ ವೇಗಕ್ಕೆ ಎಂಜಿನ್ ಸುಮಾರು 2900 ಸುತ್ತು ತಿರುಗಬೇಕಿತ್ತು. ಇದನ್ನು ಇಳಿಸಲು ಅನೇಕರು ಆಕ್ಸಲ್ಲನ್ನು 3.07ಕ್ಕೆ ಬದಲಿಸುತ್ತಾರೆ. ಸುತ್ತು 2400ಕ್ಕೆ ಇಳಿಯುತ್ತದೆ ನಿಜ, ಆದರೆ ಹೊರಡುವಾಗಿನ ಎಳೆತ ಸತ್ತುಹೋಗುತ್ತದೆ. ನಾನು ಆಕ್ಸಲ್ಲನ್ನು ಮುಟ್ಟದೆ 700ಆರ್4 ಗೇರ್‌ಬಾಕ್ಸನ್ನು ಆರಿಸಿಕೊಂಡೆ. 1982ರಲ್ಲಿ ಬಂದ ಈ ಪೆಟ್ಟಿಗೆಯಲ್ಲಿ ಮೊದಲ ಗೇರ್ 3.06, ನಾಲ್ಕನೆಯದು 0.70. ಅದೇ ವೇಗದಲ್ಲಿ ಈಗ ಎಂಜಿನ್ 2040ರ ಆಸುಪಾಸಿನಲ್ಲಿದೆ, ಹೊರಡುವಾಗಿನ ಒಟ್ಟು ಅನುಪಾತ 9.4ರಿಂದ 11.4ಕ್ಕೆ ಏರಿದೆ. ಕುತೂಹಲದ ಸಂಗತಿಯೆಂದರೆ, ಈ ಪೆಟ್ಟಿಗೆಯ ಹಿಂದೆ 3.07ರ ಆಕ್ಸಲ್ ಇಟ್ಟರೂ ಹೊರಡುವ ಬಲ ಮೊದಲಿನಷ್ಟೇ, ಆ 9.4ರಷ್ಟೇ ಇರುತ್ತದೆ, ಆದರೆ ಹೆದ್ದಾರಿಯಲ್ಲಿ ಎಂಜಿನ್ 1680 ಸುತ್ತಿಗೆ ಬಿದ್ದು, ತೆಳುಗಾಳಿಯಲ್ಲಿ ಸಣ್ಣ ಏರಿಗೂ ಮುಕ್ಕರಿಯುತ್ತದೆ.

700ಆರ್4 ಕೊಳ್ಳುವವರು 1987ರ ನಂತರದ್ದನ್ನೇ ಹುಡುಕುವುದು ಲೇಸು, ಏಕೆಂದರೆ ಆರಂಭದ ವರ್ಷಗಳವು ಅಷ್ಟು ಗಟ್ಟಿಯಲ್ಲ. ಇದರಲ್ಲಿ ಕಾರ್ಬುರೇಟರಿನ ಥ್ರಾಟಲ್‌ಗೆ ಜೋಡಿಸುವ ಒಂದು ಕೇಬಲ್ ಇದೆ. ಗೇರ್ ಬದಲಾವಣೆಯ ಸಮಯವನ್ನಷ್ಟೇ ಅಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೂ ಅದೇ ನಿರ್ಧರಿಸುವುದರಿಂದ, ಅದು ಸಡಿಲವಾಗಿದ್ದರೆ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟು ಹೊಸ ಪೆಟ್ಟಿಗೆ ಬೇಗನೆ ಹಾಳಾಗುತ್ತದೆ. ಪೆಟ್ಟಿಗೆ ಹಳೆಯದಕ್ಕಿಂತ ಉದ್ದವಾದ್ದರಿಂದ ಅದರ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಬೇಕು, ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಸ್ಪೀಡೋಮೀಟರಿನ ಪುಟ್ಟ ಗೇರನ್ನೂ ಟೈರಿಗೂ ಆಕ್ಸಲ್ಲಿಗೂ ತಕ್ಕಂತೆ ಬದಲಿಸದಿದ್ದರೆ ಪೊಲೀಸರ ಲೆಕ್ಕವೂ ನಮ್ಮ ಲೆಕ್ಕವೂ ಹೊಂದುವುದಿಲ್ಲ.

ಆಕ್ಸಲ್ಲಿನ ಅನುಪಾತವನ್ನು ಮಾರುವವನ ಬಾಯಿಮಾತಿನ ಮೇಲೆ ನಂಬಬಾರದು. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಾಧಾರಣ ಡಿಫರೆನ್ಷಿಯಲ್ ಇರುವ ಗಾಡಿಯ ಹಿಂಭಾಗವನ್ನು ಎತ್ತಿ, ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. 3.73 ಎಂದರೆ ಆಕ್ಸಲ್ಲಿನೊಳಗಿನ ದೊಡ್ಡ ಗೇರಾದ ಕ್ರೌನಿಗೆ 41 ಹಲ್ಲು, ಚಿಕ್ಕ ಗೇರಾದ ಪಿನಿಯನ್‌ಗೆ 11. ಕ್ರೌನ್-ಪಿನಿಯನ್ ಕೂರಿಸುವ ಕೆಲಸವನ್ನು ಮಾತ್ರ ಅದೇ ಕಸುಬಿನವರಿಗೆ ಬಿಡುವುದು ಒಳ್ಳೆಯದು. ಹಲ್ಲುಗಳ ನಡುವಿನ ಸಡಿಲ ಕೂದಲೆಳೆಯಷ್ಟು ತಪ್ಪಿದರೂ ಆಕ್ಸಲ್ ದಾರಿಯುದ್ದಕ್ಕೂ ಊಳಿಡುತ್ತದೆ.

ಈ ಹೊಂದಾಣಿಕೆಗೂ ಮಿತಿಯಿದೆ. ಡೆನ್ವರಿನಿಂದ ಪಶ್ಚಿಮಕ್ಕೆ ಇಂಟರ್‌ಸ್ಟೇಟ್ 70 ಹಿಡಿದು 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗದತ್ತ ಹತ್ತುವಾಗ ನಾಲ್ಕನೆಯ ಗೇರ್ ಇದ್ದೂ ಇಲ್ಲದಂತೆಯೇ; ಮೂರರಲ್ಲಿ, ಕೆಲವೆಡೆ ಎರಡರಲ್ಲಿ ಏರಬೇಕು, ಇಳಿಯುವಾಗಲೂ ಹಾಗೆಯೇ. ಇಳಿಜಾರಿನಲ್ಲಿ ಎಂಜಿನ್ ತಡೆಹಿಡಿದರೂ 1969ರ ಈ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕುಗಳೇ ಇರುವುದರಿಂದ ಅವು ಕಾದು ಹಿಡಿತ ಬಿಡುವ ಭಯ ಇದ್ದೇ ಇದೆ. 1971ರಿಂದ ಸಿ-10ಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕ್ ಬಂತು, ಆದರೆ ಜೊತೆಗೆ ಚಕ್ರದ ಬೋಲ್ಟುಗಳೂ ಆರರಿಂದ ಐದಕ್ಕೆ ಇಳಿದವು. ಆ ವರ್ಷದ ಭಾಗಗಳನ್ನು ತಂದು ಜೋಡಿಸಿದರೆ ಮುಂದೆ ಐದು, ಹಿಂದೆ ಆರು ಬೋಲ್ಟುಗಳಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಹೊಂದದು. ಹಾಗಾಗಿ ನಾನು ಆರು ಬೋಲ್ಟಿನ ಡಿಸ್ಕ್ ಕಿಟ್ ತರಿಸಿ, ಹಿಂದಿನ ಡ್ರಮ್ಮುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತಿದ್ದೇನೆ.