ಅಟ್ಟಣೆ ಕಿಟ್: ಎಲ್ಲಿಗೆ ಬಂತು ಕೆಲಸ

ಜೂನ್

ಮಧುಗಿರಿ ಕಡೆ ಚಿಕ್ಕಪ್ಪನ ಹೊಲ ಬೆಟ್ಟದ ಬುಡದಲ್ಲಿದೆ. ಮಳೆ ಬಿದ್ದರೆ ಕಡಲೆಕಾಯಿ ಬಿತ್ತುತ್ತಾರೆ. ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳ ಕಾಟ ಶುರು. ಆಗ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾವಲು. ಈ ಸಲ ನಾನೂ ಕ್ಯಾಮೆರಾ ಹಿಡಿದು ಅವರ ಜೊತೆ ಕೂರುತ್ತೇನೆ. ಅದಕ್ಕೆ ಬೇಕಾದ ಸಾಮಾನೆಲ್ಲ ಹೊಂದಿಸುವುದೇ ನನ್ನ ಈ ವರ್ಷದ ಕೆಲಸ.

ಯಾರಿಂದ ಕಲಿಯುವುದು ಅಂತ ಹುಡುಕಿದಾಗ ಸಿಕ್ಕಿದ್ದು ಅಮೆರಿಕ, ಕೆನಡಾದ ಬೇಟೆಗಾರರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಹಾಗೇ ಇರಲಿ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ, ಎಲ್ಕ್ ಹೊಡೆಯುತ್ತಾರೆ. ಅದಕ್ಕಾಗಿ ಗಂಟೆಗಟ್ಟಲೆ ಮರದ ಮೇಲೆ ಕೂರುತ್ತಾರೆ. ಬಂದೂಕು ತೆಗೆದುಬಿಟ್ಟರೆ ಉಳಿದದ್ದು ನಮ್ಮ ಅಟ್ಟಣೆ ಕೆಲಸವೇ ಅಲ್ವಾ? ಅವರ ಸುರಕ್ಷತಾ ಪಾಠ ಓದುತ್ತಾ ಹೋದರೆ ಗುಂಡಿನಷ್ಟೇ ಜೋರಾಗಿ ಎಚ್ಚರಿಸುವುದು ಬೀಳುವುದರ ಬಗ್ಗೆ. ಹತ್ತುವಾಗ, ಇಳಿಯುವಾಗ, ತೂಕಡಿಸುವಾಗ ಬೀಳುತ್ತಾರೆ. ಹಾಗಾಗಿ ಹೊಸ ಲೆನ್ಸ್ ಆಸೆ ಬದಿಗಿಟ್ಟು ಮೊದಲ ದುಡ್ಡನ್ನು ಬಿದ್ದರೆ ಹಿಡಿದು ನಿಲ್ಲಿಸುವ ಮೈಪಟ್ಟಿಗೆ, ಅಂದರೆ ಹಾರ್ನೆಸ್‌ಗೆ ಹಾಕಿದೆ.

ಜುಲೈ

ಹಾರ್ನೆಸ್ ಬಂತು. ಕಟ್ಟಡ ಕೆಲಸದವರು ಹಾಕುವ ಫುಲ್ ಬಾಡಿ ಮಾದರಿ, ಮೇಲೆ ಐಎಸ್ 3521 ಅನ್ನುವ ಭಾರತೀಯ ಮಾನಕದ ಗುರುತು ಇದೆ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಅಗ್ಗಕ್ಕೆ ಸಿಗುತ್ತದೆ, ಬೇಡ. ಬಿದ್ದಾಗ ಪೂರ್ತಿ ಏಟು ಹೊಟ್ಟೆ ಮತ್ತು ಬೆನ್ನುಮೂಳೆಗೇ ಬೀಳುತ್ತದೆ. ತಲೆಕೆಳಗಾಗಿ ಜಾರಿಹೋಗುವುದೂ ಉಂಟು.

ಚಿಕ್ಕಪ್ಪ ನೋಡಿ ನಕ್ಕರು. "ಏನ್ಲಾ ಇದು, ಎತ್ತಿಗೆ ಹೂಡೋ ಮಿಣಿ ಇದ್ದಂಗೈತೆ."

"ನೀವೂ ಒಂದು ಹಾಕ್ಕೊಳ್ಳಿ ಚಿಕ್ಕಪ್ಪ, ತಂದಿದ್ದೀನಿ."

"ನಲವತ್ತು ವರ್ಷದಿಂದ ಹತ್ತುತಾ ಇವ್ನಿ, ನಂಗ್ಯಾಕೆ?" ಅಂದರು. ವಾದ ಮಾಡಲಿಲ್ಲ. ಅವರಿಗೆ ತಂದದ್ದನ್ನು ಅಟ್ಟಣೆಯ ಕಂಬಕ್ಕೆ ನೇತುಹಾಕಿ ಬಂದೆ.

ಹಗ್ಗ ಎಲ್ಲಿಗೆ ಕಟ್ಟುವುದು ಅನ್ನುವುದರಲ್ಲೇ ತಿಂಗಳು ಕಳೆಯಿತು. ಅಟ್ಟಣೆ ಕಂಬಗಳು ನೀಲಗಿರಿಯವು, ಬುಡದಲ್ಲಿ ಗೆದ್ದಲು. ಅಟ್ಟಣೆಯೇ ಕುಸಿದರೆ ಅದಕ್ಕೆ ಕಟ್ಟಿಕೊಂಡವನೂ ಜೊತೆಗೆ ಕೆಳಗೆ. ಪಕ್ಕದಲ್ಲೇ ಹಳೇ ಹುಣಸೆಮರ ಇರುವುದು ನಮ್ಮ ಪುಣ್ಯ. ಅದರ ದಪ್ಪ ಕೊಂಬೆಯಿಂದ ನೆಲದವರೆಗೆ ಒಂದು ಹಗ್ಗ ಇಳಿಬಿಟ್ಟಿದ್ದೇನೆ. ಹಾರ್ನೆಸ್‌ನ ಪಟ್ಟಿ ಆ ಹಗ್ಗಕ್ಕೆ ಪ್ರುಸಿಕ್ ಗಂಟಿನಲ್ಲಿ ಸೇರುತ್ತದೆ. ಕೈಯಲ್ಲಿ ತಳ್ಳಿದರೆ ಗಂಟು ಮೇಲೆ ಕೆಳಗೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ಕಾಲು ನೆಲ ಬಿಡುವ ಮುಂಚೆ ಸಿಕ್ಕಿಸಬೇಕು, ಮತ್ತೆ ನೆಲ ಮುಟ್ಟಿದ ಮೇಲೇ ಬಿಚ್ಚಬೇಕು. ಮೇಲೆ ಕೂತಾಗ ಗಂಟು ತಲೆಗಿಂತ ಮೇಲಿರಬೇಕು, ಪಟ್ಟಿಯಲ್ಲಿ ಸಡಿಲ ಜಾಸ್ತಿ ಇರಬಾರದು.

ಬಿದ್ದು ನೇತಾಡಿದರೆ ಅಲ್ಲಿಗೆ ಕಥೆ ಮುಗಿಯುವುದಿಲ್ಲ. ತೊಡೆಯ ಪಟ್ಟಿಗಳು ಒತ್ತಿ, ರಕ್ತ ಕಾಲಲ್ಲೇ ನಿಂತು, ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು. ಅದಕ್ಕೆ ಹಾರ್ನೆಸ್ ಪಕ್ಕದಲ್ಲಿ ಒಂದು ಕುಣಿಕೆ ಪಟ್ಟಿ ಮಡಚಿಟ್ಟಿದ್ದೇನೆ. ಬಿದ್ದರೆ ಬಿಚ್ಚಿ, ಕಾಲಿಟ್ಟು, ಅದರ ಮೇಲೆ ಎದ್ದು ನಿಲ್ಲಬೇಕು. ಫೋನ್ ಮತ್ತು ಸೀಟಿ ಎದೆಯ ಜೇಬಿನಲ್ಲಿ. ಮೇಲಿಟ್ಟ ಚೀಲದಲ್ಲಿದ್ದರೆ ನೇತಾಡುವವನಿಗೆ ಎಟುಕುತ್ತದೆಯೇ?

ಇನ್ನೊಂದು ಒಳ್ಳೆ ಪಾಠ: ಅಲ್ಲಿ ಗುಂಡು ತೆಗೆದ ಬಂದೂಕನ್ನು ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳುತ್ತಾರೆ, ಹಿಡಿದು ಹತ್ತುವುದಿಲ್ಲ. ನನ್ನ ಕ್ಯಾಮೆರಾ ಚೀಲವೂ ಈಗ ಹಾಗೇ ಮೇಲೇರುತ್ತದೆ. ಎರಡೂ ಕೈ ಏಣಿಗೆ.

ಆಗಸ್ಟ್

ಬಟ್ಟೆ. ಕಾಡಿನ ಚಿತ್ತಾರದ ಜಾಕೆಟ್ ಕೊಳ್ಳಲಿಲ್ಲ. ಜಿಂಕೆಗಳಿಗೆ ಕಿತ್ತಳೆ ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ, ಅದಕ್ಕೇ ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಬೇಟೆಗಾರರಿಗೆ ಕಿತ್ತಳೆ ಕಡ್ಡಾಯ. ಮನುಷ್ಯನಿಗೆ ಮನುಷ್ಯ ಕಾಣಬೇಕು, ಅಷ್ಟೇ. ಆದರೆ ಬಟ್ಟೆ ಫಳಫಳ ಅನ್ನಿಸುವ ಡಿಟರ್ಜೆಂಟ್ ಬೇಡ ಅನ್ನುತ್ತಾರೆ. ಅದರ ಹೊಳಪು ನೀಲಿ ಬೆಳಕಾಗಿ ಹೊಮ್ಮುತ್ತದೆ, ಜಿಂಕೆ ಕಣ್ಣು ಚುರುಕಾಗಿರುವುದೇ ಆ ಬಣ್ಣಕ್ಕೆ. ನಾನು ಹಳೇ ಖಾಕಿ ಅಂಗಿಯನ್ನು ಬರೀ ನೀರಲ್ಲಿ ಒಗೆದು, ಮೇಲೆ ಟ್ರಾಫಿಕ್‌ನವರ ತರಹದ ಜಾಕೆಟ್ ಹಾಕಿಕೊಳ್ಳುತ್ತೇನೆ. ಕತ್ತಲಲ್ಲಿ ಕಿತ್ತಳೆಯಿಂದ ಉಪಯೋಗವಿಲ್ಲ, ಅದರ ಮಿಂಚುವ ಪಟ್ಟಿಯೇ ಬೇಕು. ಪಕ್ಕದ ಹೊಲಗಳಲ್ಲಿ ಯಾರ ಕೈಯಲ್ಲಿ ಏನಿದೆಯೋ! ಸಾಲದ್ದಕ್ಕೆ ಹಂದಿಗೆ ಅಂತ ಉರುಳು ಹಾಕುವವರು, ಬೇಲಿಗೆ ಕದ್ದು ಕರೆಂಟ್ ಬಿಡುವವರು ಇದ್ದಾರೆ. ಎರಡೂ ಅಪರಾಧ, ಎರಡೂ ನಿಂತಿಲ್ಲ. ರಾತ್ರಿ ಯಾವ ಬೇಲಿಯನ್ನೂ ದಾಟುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇನೆ.

ಕಾಲಿಗೆ ಮೊಣಕಾಲವರೆಗಿನ ಗಂಬೂಟು. ಬೆವರುತ್ತದೆ, ನಡೆಯಲು ಹಿಂಸೆ. ಆದರೂ ಕಡಲೆಕಾಯಿ ಹೊಲದಲ್ಲಿ ಕೊಳಕುಮಂಡಲ ಮಾಮೂಲು.

ಸೆಪ್ಟೆಂಬರ್

ಔಷಧಿ ಚೀಲ. ಬೇಟೆಗಾರರ ಪಟ್ಟಿಯನ್ನು ಇಲ್ಲಿ ಕಣ್ಣು ಮುಚ್ಚಿ ನಕಲು ಮಾಡುವ ಹಾಗಿಲ್ಲ. ಅವರ ಪಟ್ಟಿಯ ಮೇಲ್ಭಾಗದಲ್ಲೇ ಟೂರ್ನಿಕೆ ಇರುತ್ತದೆ, ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ. ಚಾಕು ತಗುಲಿ ರಕ್ತ ಚಿಮ್ಮಿದರೆ ಅದು ಪ್ರಾಣ ಉಳಿಸುತ್ತದೆ. ನಮ್ಮ ಹೊಲದಲ್ಲಿ ಕುಡುಗೋಲು, ಮಚ್ಚು ಇವೆ, ಹಾಗಾಗಿ ನಾನೂ ಇಟ್ಟಿದ್ದೇನೆ. ಆದರೆ ಹಾವು ಕಚ್ಚಿದಾಗ ಈ ಪಟ್ಟಿಯನ್ನು ಮುಟ್ಟಲೇಬಾರದು. ಊರಲ್ಲಿ ಹಾವು ಅಂದ ತಕ್ಷಣ ದಾರ ಬಿಗಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ಕೈಗೆ ರೆಡಿಮೇಡ್ ಪಟ್ಟಿ ಸಿಕ್ಕರೆ ಕೇಳಬೇಕೇ? ಮಂಡಲದ ವಿಷ ಮಾಂಸವನ್ನೇ ಕೊಳೆಸುತ್ತದೆ. ಬಿಗಿದು ಅಲ್ಲೇ ನಿಲ್ಲಿಸಿದರೆ ಕಾಲೇ ಹೋಗಬಹುದು. ಅದಕ್ಕೆ ಟೂರ್ನಿಕೆಯನ್ನು ಬೇರೆ ಕೆಂಪು ಚೀಲದಲ್ಲಿ ಹಾಕಿ, "ರಕ್ತಕ್ಕೆ ಮಾತ್ರ, ಹಾವಿಗೆ ಅಲ್ಲ" ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ.

ಹಾವಿಗೆ ಬೇಕಾದ್ದು ಬಹಳ ಕಡಿಮೆ. ಕೊಯ್ಯಬಾರದು, ಹೀರಬಾರದು. ಉಂಗುರ, ಕಾಲುಚೈನು ತೆಗೆಯಬೇಕು. ಕಚ್ಚಿದ ಭಾಗವನ್ನು ಕೋಲು, ಬಟ್ಟೆ ಇಟ್ಟು ಅಲ್ಲಾಡದಂತೆ ಮಾಡಿ 108ಕ್ಕೆ ಫೋನ್ ಮಾಡಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಔಷಧಿ, ಹಾವು ಹಿಡಿದು ತರಬೇಕಾಗಿಲ್ಲ. ಯಾವ ಆಸ್ಪತ್ರೆಯಲ್ಲಿ ಔಷಧಿ ಇಟ್ಟಿರುತ್ತಾರೆ ಅಂತ ಹಗಲಲ್ಲೇ ಹೋಗಿ ವಿಚಾರಿಸಿ, ಚೀಟಿಯಲ್ಲಿ ಬರೆದುಕೊಂಡು ಬಂದೆ. ಚೀಲದಲ್ಲಿ ಅತಿ ಬೆಲೆಬಾಳುವ ವಸ್ತು ಆ ಚೀಟಿ.

ಅಕ್ಟೋಬರ್

ಹಂದಿ ಬರತೊಡಗಿವೆ. ಕೂರುವುದೂ ಶುರುವಾಗಿದೆ. ಫೋಟೋ ಇನ್ನೂ ಹೇಳಿಕೊಳ್ಳುವಂಥದ್ದಿಲ್ಲ, ಕತ್ತಲಲ್ಲಿ ಬೆನ್ನುಗಳು ಮಾತ್ರ.

ಬೇಟೆಗಾರರ ಒಂದು ಪಾಠವನ್ನು ತಿರುವಿಹಾಕಬೇಕಾಯಿತು. ಅವರು ಅಟ್ಟಣೆಗೆ ಸದ್ದಿಲ್ಲದೆ ನಡೆದು ಹೋಗುತ್ತಾರೆ. ನಮ್ಮ ಬೆಟ್ಟದಲ್ಲಿ ಕರಡಿ ಇದೆ. ಅದು ಗೆದ್ದಲು ಕೆದಕುತ್ತಾ ತಲೆ ತಗ್ಗಿಸಿದ್ದರೆ ನಾವು ಹತ್ತಿರ ಬರುವವರೆಗೂ ಗೊತ್ತಾಗದು, ಗಾಬರಿಯಲ್ಲಿ ಮೇಲೆ ಬೀಳುತ್ತದೆ. ಹಾಗಾಗಿ ಸಂಜೆ ಹೊಲಕ್ಕೆ ಹೋಗುವಾಗ ಜೋರಾಗಿ ಮಾತಾಡುತ್ತಾ, ಕೋಲು ಬಡಿಯುತ್ತಾ ಹೋಗುತ್ತೇವೆ. ಮೌನ ಏನಿದ್ದರೂ ಮೇಲೆ ಕೂತ ಮೇಲೆ. ಬೆಳಗ್ಗೆ ಪೂರ್ತಿ ಬೆಳಕಾಗದೆ ಇಳಿಯುವುದಿಲ್ಲ. ಕರಡಿ ಮರ ಹತ್ತುತ್ತದೆ, ನಮಗಿಂತ ಜೋರಾಗಿ ಓಡುತ್ತದೆ. ಮೈಮೇಲೆ ಬಂದರೆ ಬೋರಲು ಮಲಗಿ ಕುತ್ತಿಗೆ ಹಿಂದೆ ಕೈ ಕಟ್ಟಿಕೊಳ್ಳಬೇಕು. ಚೀಲ ಬೆನ್ನ ಮೇಲಿದ್ದರೆ ಇನ್ನೂ ಒಳ್ಳೆಯದು.

ಕಂಬಕ್ಕೆ ನೇತುಹಾಕಿದ್ದ ಹಾರ್ನೆಸ್ ಈಗ ಅಲ್ಲಿಲ್ಲ. ರಾತ್ರಿ ಎರಡರ ಮೇಲೆ ತೂಕಡಿಕೆ ಬರುತ್ತೆ ಅಂತ ಚಿಕ್ಕಮ್ಮ ಹಾಕಿಸಿದ್ದಾರೆ.

ಮುಂದಿನ ಕೆಲಸ: ಹಗ್ಗವನ್ನು ಬಿಸಿಲಲ್ಲಿ ಬಿಡದೆ ದಿನಾ ಬಿಚ್ಚಿಡಲು ಒಂದು ಡಬ್ಬ. ಬಿಸಿಲಿಗೆ ನೈಲಾನ್ ಸತ್ತುಹೋಗುತ್ತದೆ, ಮನೆಯೊಳಗಿಟ್ಟರೆ ಇಲಿ ಕಡಿಯುತ್ತದೆ. ಮುಚ್ಚಳ ಗಟ್ಟಿ ಇರುವ ತಗಡಿನ ಡಬ್ಬ ನೋಡುತ್ತಿದ್ದೇನೆ.